ಮಾವನವರ ಸ್ಟೌವು

ಊರು ಬಿಟ್ಟು ಬಂದವರ ಮನೆಗಳಲ್ಲಿ ಬಳಸಲು ಬಾರದ, ಬಿಸಾಡಲು ಮನಸ್ಸೊಪ್ಪದ ಒಂದು ಸಾಮಾನಾದರೂ ಇದ್ದೇ ಇರುತ್ತದೆ. ಸಂಘದ ಬಂಧುಗಳ ಮನೆಗಳಿಗೆ ಹಬ್ಬ ಹುಣ್ಣಿಮೆಗಳಲ್ಲಿ ಹೋಗಿ ಬಂದಾಗಲೆಲ್ಲ ನಾವು ಇದನ್ನು ಕಂಡಿದ್ದೇವೆ. ಒಬ್ಬರ ಮನೆಯಲ್ಲಿ ಕಲ್ಲಿನ ಒರಳು. ಮೂರನೆಯ ಮಹಡಿಯಲ್ಲಿ ಅದನ್ನು ತಿರುವಿದರೆ ಕೆಳಗಿನ ಮನೆಯವರು ಮೇಲೆ ಬರುತ್ತಾರೆ. ಇನ್ನೊಬ್ಬರಲ್ಲಿ ಬೆತ್ತದ ತೊಟ್ಟಿಲು. ಅದರಲ್ಲಿ ಮಲಗಿದ್ದ ಮಗು ಈಗ ಕಾಲೇಜಿಗೆ ಹೋಗುತ್ತದೆ. ಎರಡು ಕೋಣೆಗಳ ಮನೆಯಲ್ಲಿ ಇಂಥ ವಸ್ತುವಿಗೆ ಜಾಗ ಮಾಡಬೇಕಾದರೆ ಮನೆಯವರೆಲ್ಲ ಸ್ವಲ್ಪ ಸ್ವಲ್ಪ ಒತ್ತರಿಸಿಕೊಳ್ಳಬೇಕು. ಬೇಸರವಿಲ್ಲದೆ ಒತ್ತರಿಸಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಹೀಗೆ ಜಾಗ ಪಡೆದದ್ದು ಒಂದು ಕ್ಯಾಂಪಿನ ಸ್ಟೌವು. ಅದು ನಮ್ಮ ಮಾವನವರದು.

ಇಂದಿನ ಮಕ್ಕಳಿಗೆ ಸ್ಟೌವೆಂದರೆ ಕಿವಿ ತಿರುವಿದೊಡನೆ ಉರಿಯುವ ಗ್ಯಾಸಿನ ಒಲೆ. ಆದ್ದರಿಂದ ಈ ಸ್ಟೌವಿನ ಸ್ವರೂಪವನ್ನು ನಾಲ್ಕು ಮಾತಿನಲ್ಲಿ ಹೇಳುವುದು ಅಗತ್ಯ. ಕೆಳಗೊಂದು ಹಿತ್ತಾಳೆಯ ಟಾಕಿ; ಅದರ ಹೊಟ್ಟೆಗೆ ಚುಚ್ಚಿದಂತೆ ಒಂದು ಸಣ್ಣ ಪಂಪು; ನೆತ್ತಿಯ ಮೇಲೆ ಬರ್ನರು; ಬರ್ನರಿನ ಕೊರಳಿಗೆ ಒಂದು ಪುಟ್ಟ ಬಟ್ಟಲು; ಸುತ್ತ ಮೂರು ಕಾಲು, ಕಾಲುಗಳ ಮೇಲೊಂದು ಕಬ್ಬಿಣದ ಬಳೆ. ಬರ್ನರನ್ನು ತಿರುಚಿ ತೆಗೆದು ಕಾಲುಗಳನ್ನು ಕಳಚಿದರೆ ಎಲ್ಲವೂ ಒಂದು ತಗಡಿನ ಡಬ್ಬಿಯಲ್ಲಿ ಅಡಕವಾಗುತ್ತದೆ. ಹೊತ್ತಿಸುವುದು ಮಾತ್ರ ಒಂದು ವಿಧಿ. ಮೊದಲು ಬಟ್ಟಲಿಗೆ ಸ್ಪಿರಿಟ್ಟು ಹೊಯ್ದು ಹಚ್ಚಬೇಕು. ಸ್ಪಿರಿಟ್ಟು ಉರಿದು ಬರ್ನರು ಕಾಯ್ದ ಮೇಲೆ ಪಂಪು ಹೊಡೆಯಬೇಕು. ಆಗ ಟಾಕಿಯ ಸೀಮೆಎಣ್ಣೆ ಮೇಲೇರಿ, ಕಾದ ಕೊಳವೆಯಲ್ಲಿ ಆವಿಯಾಗಿ, ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮಿ, ಗಾಳಿಯೊಡನೆ ಬೆರೆತು ನೀಲಿಯಾಗಿ ಉರಿಯುತ್ತದೆ. ಬತ್ತಿಯಿಲ್ಲ, ಮಸಿಯಿಲ್ಲ; ಆದರೆ ಭೋರೆಂಬ ಸಪ್ಪಳವಿದೆ. ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬಾತ 1892 ರಲ್ಲಿ ಈ ಮಾದರಿಯನ್ನು ರೂಪಿಸಿದ. ಪ್ರೈಮಸ್ ಎಂಬ ಹೆಸರು ಅಂದಿನಿಂದ ಬಂದದ್ದು. 1953 ರಲ್ಲಿ ಎವರೆಸ್ಟನ್ನು ಏರಿದ ತಂಡ ಹಿಮವನ್ನು ಕರಗಿಸಿ ನೀರು ಮಾಡಿಕೊಂಡದ್ದೂ ಇದೇ ಕುಲದ ಸ್ಟೌವುಗಳ ಮೇಲೆಯೇ.

ನಮ್ಮ ಮಾವನವರು ಎವರೆಸ್ಟನ್ನೇನೂ ಏರಲಿಲ್ಲ. ಅವರು ನೀರಾವರಿ ಇಲಾಖೆಯ ಸರ್ವೇ ತಂಡದಲ್ಲಿದ್ದವರು. 1974 ರಲ್ಲಿ ಕೆಲಸಕ್ಕೆ ಸೇರಿದಂದಿನಿಂದ ಅವರ ಅರ್ಧ ಆಯುಷ್ಯ ಕೃಷ್ಣಾ, ಘಟಪ್ರಭಾ ನದಿಗಳ ದಂಡೆಯ ಕ್ಯಾಂಪುಗಳಲ್ಲಿ ಕಳೆಯಿತು. ಆಲಮಟ್ಟಿಯ ಅಣೆಕಟ್ಟಿಗೆ ಲಾಲ್ ಬಹಾದೂರ್ ಶಾಸ್ತ್ರಿಯವರು 1964 ರಲ್ಲಿ ಅಡಿಗಲ್ಲನ್ನಿಟ್ಟರು. ಅದು ಪೂರ್ತಿಯಾಗಲು ನಾಲ್ಕು ದಶಕಗಳು ಹಿಡಿದವು. ನೀರು ಎಲ್ಲಿಯವರೆಗೆ ನಿಲ್ಲುತ್ತದೆ, ಯಾವ ಹೊಲ ಮುಳುಗುತ್ತದೆ, ಯಾವ ಹೊಲ ಉಳಿಯುತ್ತದೆ ಎಂಬುದನ್ನು ಅಳೆದು ಕಲ್ಲು ನೆಡುವ ಕೆಲಸ ಇಂಥ ತಂಡಗಳದು. ಸರಪಳಿ ಹಿಡಿಯುವವನೊಬ್ಬ, ಪಟ್ಟಿ ಹಿಡಿಯುವವನೊಬ್ಬ, ಲೆವೆಲ್ ಯಂತ್ರದ ಕಣ್ಣಿಗೆ ಕಣ್ಣಿಟ್ಟು ನಿಲ್ಲುವವರು ನಮ್ಮ ಮಾವನವರು. ಬಿಸಿಲಿಳಿದ ಮೇಲೆ ಡೇರೆಯ ಬಾಗಿಲಲ್ಲಿ ಈ ಸ್ಟೌವು ಭೋರೆನ್ನುತ್ತಿತ್ತು. ಕಪ್ಪು ಭೂಮಿಯ ಬಯಲಿನಲ್ಲಿ ಸೌದೆ ಸಿಗುವುದು ಕಷ್ಟ. ಸಿಕ್ಕರೂ ಗಾಳಿಗೆ ಕಲ್ಲೊಲೆ ನಿಲ್ಲುವುದಿಲ್ಲ. ಜೋಳದ ನುಚ್ಚು, ಝುಣಕ, ಚಹಾ, ಮೂರೂ ಈ ಬಳೆಯ ಮೇಲೆಯೇ ಆಗುತ್ತಿದ್ದವಂತೆ.

2012 ರಲ್ಲಿ ಅವರು ನಿವೃತ್ತರಾದರು. 2014 ರಲ್ಲಿ ನಮಗೆ ಅವರ ಮಗಳನ್ನು ಕೊಟ್ಟರು. ಮಾವ ಅಳಿಯಂದಿರ ಸಂಬಂಧ ನಾಜೂಕಿನದೆಂದು ಎಲ್ಲರೂ ಹೇಳುತ್ತಾರೆ. ಮಾವ ಹೆಚ್ಚು ಮಾತಾಡಿದರೆ ಉಪದೇಶವಾಗುತ್ತದೆ, ಕಡಿಮೆ ಮಾತಾಡಿದರೆ ಬಿಗುಮಾನವಾಗುತ್ತದೆ. ನಮ್ಮ ಮಾವನವರು ಈ ತೊಡಕನ್ನು ಬಿಡಿಸಿಕೊಂಡ ಬಗೆ ವಿಶಿಷ್ಟವಾದದ್ದು. ಅವರು ನಮ್ಮ ಸಂಬಳ ಕೇಳಲಿಲ್ಲ, ಬಡ್ತಿ ಕೇಳಲಿಲ್ಲ, ಸ್ವಂತ ಮನೆ ಯಾವಾಗ ಎಂದೂ ಕೇಳಲಿಲ್ಲ. ಎತ್ತರದ ವಿಷಯ ಮಾತಾಡುತ್ತಿದ್ದರು. ರೈಲು ನಿಲ್ದಾಣಗಳ ಹಳದಿ ಹಲಗೆಯ ಮೇಲೆ ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಆ ನಿಲ್ದಾಣ ಎಷ್ಟು ಎತ್ತರದಲ್ಲಿದೆಯೆಂದು ಬರೆದಿರುವುದಷ್ಟೆ? ನಾವು ನೀವು ಅದನ್ನು ಓದುವುದಿಲ್ಲ. ಅವರು ಬಾಗಲಕೋಟೆಯಿಂದ ಪುಣೆಗೆ ಬರುವಾಗ ದಾರಿಯ ಹಲಗೆಗಳನ್ನೆಲ್ಲ ಓದಿ ಒಂದು ಕಿರುಪುಸ್ತಕದಲ್ಲಿ ಬರೆದುಕೊಂಡಿರುತ್ತಿದ್ದರು. ಮನೆಗೆ ಬಂದು ಕಾಲು ತೊಳೆದು ಕುಳಿತ ಮೇಲೆ ಅವರ ಮೊದಲನೆಯ ಮಾತು ಅದೇ.

"ಅಳಿಯಂದ್ರ, ನಮ್ಮ ಡ್ಯಾಮಿನ ಪೂರ್ಣ ಮಟ್ಟ 519.60. ನಿಮ್ಮ ಪುಣೆ 560ರ ಸುಮಾರು. ನಲವತ್ತು ಮೀಟರ್ ಫರಕ್. ನೀರು ಕುದಿಯೂದು ಎರಡೂ ಕಡೆ ಒಂದ ಶಾಖಕ್ಕ."

ನೂರು ಡಿಗ್ರಿಗೆ ನೀರು ಕುದಿಯುವುದು ಸಮುದ್ರದ ದಂಡೆಯಲ್ಲಿ. ಮೇಲೇರಿದ ಹಾಗೆ, ಸುಮಾರು ಮುನ್ನೂರು ಮೀಟರಿಗೆ ಒಂದು ಡಿಗ್ರಿಯಂತೆ, ಕುದಿಯುವ ಶಾಖ ಇಳಿಯುತ್ತದೆ. ಆದುದರಿಂದ ಅವರ ಕ್ಯಾಂಪಿನ ಚಹಾವೂ ನಮ್ಮ ಮನೆಯ ಚಹಾವೂ 98 ಡಿಗ್ರಿಯ ಆಸುಪಾಸಿನವು. ಇದು ಅವರಿಗೆ ಬಹಳ ಸಮಾಧಾನದ ಸಂಗತಿಯಾಗಿತ್ತು. ಮಗಳು ದೂರದ ಊರಿಗೆ ಹೋದಳೆಂಬ ಮಾತನ್ನು ಅವರು ಎಂದೂ ಆಡಲಿಲ್ಲ. ನಲವತ್ತು ಮೀಟರ್ ಮೇಲೆ ಹೋದಳೆಂದು ಅವರ ಲೆಕ್ಕ.

ನಿವೃತ್ತರಾದ ಮೇಲೂ ಅವರು ಈ ಸ್ಟೌವನ್ನು ಬಿಟ್ಟಿರಲಿಲ್ಲ. ನಾವು ಬಾಗಲಕೋಟೆಗೆ ಹೋದಾಗಲೆಲ್ಲ ಒಳಗೆ ಗ್ಯಾಸಿನ ಒಲೆಯಿದ್ದರೂ ಬೆಳಗಿನ ಚಹಾ ಹಿತ್ತಲಲ್ಲಿ, ಅವರ ಕೈಯಿಂದ. ನಾವು ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂಡುತ್ತಿದ್ದೆವು. ಒಮ್ಮೆ ಪಂಪಿಗೆ ಕೈ ಹಾಕಹೋದ ನಮ್ಮನ್ನು ಅವರು ತಡೆದರು.

"ಗಡಬಡಿ ಬ್ಯಾಡ್ರಿ ಅಳಿಯಂದ್ರ. ಬರ್ನರ್ ಕಾಯೂತನಕ ಪಂಪ್ ಹೊಡದ್ರ ಎಣ್ಣಿ ಉರಿಯೂದಿಲ್ಲ, ಉಗುಳತೈತಿ."

ಕಚೇರಿಯಲ್ಲಿ ಹೊಸ ಅಧಿಕಾರಿಗಳು ಬಂದ ಮೊದಲ ವಾರದಲ್ಲಿ ಈ ಮಾತು ನಮಗೆ ನೆನಪಾಗುವುದುಂಟು.

ಅವರ ಕೆಲಸದಲ್ಲಿ ಒಂದು ಗಳಿಗೆ ಮಾತ್ರ ಬಹು ಕಠಿಣವಾಗಿ ಬಂತು. ಘಟಪ್ರಭೆಯ ದಂಡೆಯಲ್ಲಿದ್ದ ಅವರ ಹುಟ್ಟೂರು ಆಲಮಟ್ಟಿಯ ಹಿನ್ನೀರಿನ ಗೆರೆಯೊಳಗೆ ಬಿತ್ತು. ಬಾಗಲಕೋಟೆಯ ಹಳೆಯ ಪೇಟೆಯ ಭಾಗಗಳೂ, ಸುತ್ತಿನ ಎಷ್ಟೋ ಹಳ್ಳಿಗಳೂ ಹಾಗೆ ಬಿದ್ದವೆಂಬುದನ್ನು ಆ ಕಡೆಯ ವಾಚಕರು ಬಲ್ಲರು. ಪಕ್ಕದ ನವನಗರ ಅದರಿಂದಲೇ ಎದ್ದದ್ದು. ತಮ್ಮ ಊರಿನ ಮಗ್ಗುಲಲ್ಲಿ ಕಲ್ಲು ನೆಡುವ ತಂಡದಲ್ಲಿ ಮಾವನವರೂ ಇದ್ದರು. ಕಲ್ಲು ಅವರ ಮನೆಗಿಂತ ಮೇಲೆ ಬಿತ್ತು. ಆ ಸಂಜೆ ಅವರ ತಾಯಿ ಕೇಳಿದರಂತೆ: "ನೀರು ಒಲೀತನಕ ಬರ್ತಾವೇನಪಾ?"

"ಒಲೀ ಮ್ಯಾಲ ಎರಡಾಳು ನಿಲ್ತಾವವ್ವಾ" ಎಂದು ಮಗ ಹೇಳಿದರು. ಅಳೆದವರು ಅವರೇ, ಸುಳ್ಳು ಹೇಳುವಂತಿರಲಿಲ್ಲ.

519.60 ಮೀಟರಿನವರೆಗೆ ನೀರು ನಿಲ್ಲಿಸಬಹುದೆಂದು ಸುಪ್ರೀಂ ಕೋರ್ಟು 2000ನೆಯ ಇಸವಿಯಲ್ಲಿ ತೀರ್ಪಿತ್ತಿತು. ಆ ಹೊತ್ತಿನಲ್ಲೇ ಊರೂ ಎದ್ದಿತು. ನಮ್ಮ ಮನೆಯಾಕೆಗೆ ಆಗ ಹನ್ನೊಂದು ವರ್ಷ. ಆಕೆ ಕಣ್ಣಾರೆ ಕಂಡದ್ದು ಇದು. ಜನರೆಲ್ಲ ಬಾಗಿಲು ಕಿತ್ತು, ತೊಲೆ ಕಿತ್ತು ಟ್ರಾಕ್ಟರಿಗೆ ಹೇರುತ್ತಿದ್ದಾಗ ಅಜ್ಜಿ ಅಡಿಗೆಮನೆಯಲ್ಲಿ ಕುಳಿತು ಒಲೆಯ ಮೂರು ಕಲ್ಲುಗಳನ್ನು ಹಾರೆಯಿಂದ ಮೀಟಿ ತೆಗೆದಳು. ಪುನರ್ವಸತಿಯ ಹೊಸ ಮನೆಗೆ ಹೋದ ಮೇಲೆ ಯಾರೋ ಆ ಕಲ್ಲುಗಳನ್ನು ತೊಳೆದು ದೇವರ ಜಗಲಿಯ ಮೇಲಿಡಲು ಹೋದರು. ಅಜ್ಜಿ ಬಿಡಲಿಲ್ಲ. "ಕಲ್ಲು ಪೂಜಿಗೆ ತಂದಿಲ್ಲ, ಅಡಗಿಗೆ ತಂದೀನಿ" ಎಂದು ಗದರಿ, ಅಂದೇ ರಾತ್ರಿ ಹೊಸ ಮನೆಯಲ್ಲಿ ಅವನ್ನು ಹೂಡಿ ರೊಟ್ಟಿ ಬಡಿದಳು. ಒಂದು ಕಲ್ಲು ಹೊಸ ನೆಲಕ್ಕೆ ಸರಿಯಾಗಿ ಕೂಡದಿದ್ದಾಗ ಅದರ ಬುಡವನ್ನು ಮಗನ ಕೈಯಿಂದಲೇ ಕೆತ್ತಿಸಿದಳಂತೆ.

ಮಾವನವರು 2021 ರಲ್ಲಿ ತೀರಿಕೊಂಡರು. ಮರುವರ್ಷ ವರ್ಷಾಂತಿಕಕ್ಕೆ ಹೋದಾಗ ಅತ್ತೆಯವರು ತಗಡಿನ ಡಬ್ಬಿಯನ್ನು ಮಗಳ ಕೈಯಲ್ಲಿಟ್ಟರು. ಟಾಕಿಯನ್ನು ಬರಿದು ಮಾಡಿ, ತೊಳೆದು, ನಾಲ್ಕು ದಿನ ಬಿಸಿಲಿಗೆ ಒಣಗಿಸಿ, ಆಮೇಲೆ ರೈಲು ಹತ್ತಿದೆವು. ಪೆಟ್ಟಿಗೆಯಲ್ಲಿ ಸೀಮೆಎಣ್ಣೆ, ಸ್ಪಿರಿಟ್ಟು, ಗ್ಯಾಸು ಇವುಗಳನ್ನು ಒಯ್ಯುವುದು ರೈಲ್ವೆ ಕಾಯಿದೆಯ 164ನೆಯ ಕಲಮಿನಂತೆ ಅಪರಾಧ. ಮೂರು ವರ್ಷದವರೆಗೆ ಸೆರೆಯುಂಟು. ಇದು ಬರಿಯ ಕಾಗದದ ಮಾತೂ ಅಲ್ಲ. 2023ರ ಆಗಸ್ಟಿನಲ್ಲಿ ಮಧುರೆಯಲ್ಲಿ ನಿಂತಿದ್ದ ಯಾತ್ರಿಕರ ಡಬ್ಬಿಯೊಂದರಲ್ಲಿ ಗ್ಯಾಸಿನ ಸಿಲಿಂಡರಿನಿಂದ ಬೆಂಕಿಯೆದ್ದು ಒಂಬತ್ತು ಮಂದಿ ಸತ್ತರು. ರಜೆಯಲ್ಲಿ ಊರಿಗೆ ಹೋಗಿ ಬರುವ ನಮ್ಮವರು ಇದನ್ನು ನೆನಪಿನಲ್ಲಿಡಬೇಕು.

ಸ್ಟೌವು ಪುಣೆಗೆ ಬಂತು; ಉರಿಯಲಿಲ್ಲ. ನಾವು ತುಮಕೂರಿನ ಕಡೆಯವರು, ಸೀಮೆಎಣ್ಣೆ ಎನ್ನುತ್ತೇವೆ. ಮನೆಯಾಕೆಗೆ ಅದು ಚಿಮಣಿ ಎಣ್ಣಿ. ನೆರೆಯ ಮರಾಠಿ ಅಜ್ಜಿಗೆ ರಾಕೇಲ್. ಮೂವರೂ ಮೂರು ಹೆಸರಿನಿಂದ ಕೂಗಿದರೂ ಅದು ನಮ್ಮ ಪೇಟೆಯಲ್ಲಿ ಓಗೊಡಲಿಲ್ಲ. ಗ್ಯಾಸಿರುವ ನಮ್ಮಂಥವರಿಗೆ ಪಡಿತರದಲ್ಲಿ ಅದು ಇಲ್ಲ. ದಿಲ್ಲಿಯನ್ನಂತೂ 2014 ರಲ್ಲಿಯೇ ಸೀಮೆಎಣ್ಣೆ ಇಲ್ಲದ ನಗರವೆಂದು ಸಾರಿದರು. ಹೊಗೆ ಕುಡಿದ ತಾಯಂದಿರ ಕಣ್ಣು, ಎದೆಗಳನ್ನು ನೆನೆದರೆ ಅದು ಹೋದದ್ದೇ ಒಳ್ಳೆಯದು. ಆದರೆ ಡಬ್ಬಿಯೊಳಗಿನ ಸ್ಟೌವು ಮಾತ್ರ ಭಾಷೆ ಮರೆತ ಮುದುಕನಂತೆ ಸುಮ್ಮನೆ ಕುಳಿತಿತ್ತು.

ಎರಡು ವರ್ಷ ಹೀಗೆ ಕಳೆಯಿತು. ಕಾರ್ತಿಕದಲ್ಲಿ ನಮ್ಮ ಸಂಘದ ಕೆಲವು ಕುಟುಂಬಗಳು ಕೂಡಿ ವನಭೋಜನಕ್ಕೆ ಹೋಗುವುದು ವಾಡಿಕೆ. ನೆಲ್ಲಿಯ ಮರದ ಕೆಳಗೆ ಊಟ ಮಾಡುವ ಈ ಪದ್ಧತಿ ಇಲ್ಲಿಯವರಲ್ಲಿಯೂ ಇದೆ. ಅವರು ಆವಳೀ ಭೋಜನವೆನ್ನುತ್ತಾರೆ. ಕಳೆದ ಕಾರ್ತಿಕಕ್ಕೆ ಮುಂಚೆ ಯಾರು ಏನು ತರಬೇಕೆಂದು ಪಟ್ಟಿಯಾಗುತ್ತಿದ್ದಾಗ ಚಹಾದ ಹೊಣೆ ನಮ್ಮ ಪಾಲಿಗೆ ಬಂತು. ಮಾವನವರ ಸ್ಟೌವಿನ ಮೇಲೆ ಮಾಡಬಾರದೇಕೆಂದು ನಮಗೆ ಹೊಳೆಯಿತು. ಎಣ್ಣೆಯಿಲ್ಲದಿದ್ದರೆ ಸ್ಪಿರಿಟ್ಟಿದೆಯಲ್ಲ? ಇಷ್ಟು ದಿನ ಎಣ್ಣೆಗೆ ದಾರಿ ಮಾಡಿಕೊಟ್ಟು ತಾನು ಆರಿಹೋಗುತ್ತಿದ್ದ ಸ್ಪಿರಿಟ್ಟೇ ಇನ್ನು ಮುಂದೆ ಅಡಿಗೆಯನ್ನೂ ಮಾಡಲಿ.

ಆದರೆ ಪಂಪಿನ ಟಾಕಿಗೆ ಸ್ಪಿರಿಟ್ಟು ತುಂಬುವುದು ಸರ್ವಥಾ ಕೂಡದು. ಅದು ಎಣ್ಣೆಗಾಗಿ ಮಾಡಿದ್ದು, ಒತ್ತಡ ಏರಿದರೆ ಅಪಾಯ. ಸ್ಪಿರಿಟ್ಟಿಗೆ ಬೇರೆಯೇ ಬಟ್ಟಲು ಬೇಕು. ಬೆಟ್ಟ ಹತ್ತುವವರ ಸಾಮಾನಿನ ಅಂಗಡಿಯಲ್ಲಿ ಅಂಥದೊಂದು ಸಿಕ್ಕಿತು: ಟ್ರಾಂಗಿಯಾ ಮಾದರಿಯದು, ಇದೂ ಸ್ವೀಡನ್ನಿನ ತಳಿಯೇ. ಅಂಗೈಯಲ್ಲಿ ಕೂಡುವ ಹಿತ್ತಾಳೆಯ ಬಟ್ಟಲು; ಎರಡು ಪದರದ ಗೋಡೆ; ಅಂಚಿನ ಸುತ್ತ ಸಣ್ಣ ತೂತುಗಳು. ಸ್ಪಿರಿಟ್ಟು ಹಚ್ಚಿ ಸ್ವಲ್ಪ ಹೊತ್ತಾದರೆ ಗೋಡೆ ಕಾಯ್ದು, ಪದರಗಳ ನಡುವಿನ ಸ್ಪಿರಿಟ್ಟು ಆವಿಯಾಗಿ, ತೂತುಗಳಿಂದ ಹೂವಿನ ದಳಗಳಂತೆ ಉರಿಯುತ್ತದೆ. ಪಂಪಿಲ್ಲ, ಪಿನ್ನಿಲ್ಲ, ವಾಷರಿಲ್ಲ. ತೊಡಕು ಒಂದೇ: ಈ ಬಟ್ಟಲು ಗಿಡ್ಡ. ಹಳೆಯ ಕಾಲುಗಳ ಮೇಲೆ ಪಾತ್ರೆಯಿಟ್ಟರೆ ಉರಿಗೂ ಪಾತ್ರೆಗೂ ಬಹಳ ಅಂತರ ಉಳಿಯುತ್ತದೆ. ಕಾಲುಗಳನ್ನು ಕತ್ತರಿಸಬೇಕು.

"ಅಪ್ಪನ ಸ್ಟೋ ಕತ್ತರಸ್ತೀರೇನ್ರಿ?" ಎಂದಳು ಮನೆಯಾಕೆ. ಧ್ವನಿ ಏರಿರಲಿಲ್ಲ, ಏರಿದ್ದರೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು. ಆಕೆಯ ವಾದವೂ ಗಟ್ಟಿಯಾದದ್ದೇ. ಅಪ್ಪನ ಬಟ್ಟೆಗಳನ್ನು ಹಂಚಿಯಾಯಿತು, ಕನ್ನಡಕ ಅಣ್ಣನ ಮನೆಯಲ್ಲಿದೆ, ಹುಟ್ಟಿದ ಊರು ನೀರಿನ ಕೆಳಗಿದೆ. ಅಪ್ಪನ ಕೈ ಮುಟ್ಟಿದ ಹಾಗೆಯೇ ಉಳಿದಿರುವುದು ಇದೊಂದು. ಕತ್ತರಿಸಿದ ಕಬ್ಬಿಣ ಮತ್ತೆ ಕೂಡುವುದಿಲ್ಲ. ಹೊಸದೊಂದು ಒಲೆಯನ್ನೇ ಕೊಂಡರಾಯಿತು, ಇದು ಇದ್ದ ಹಾಗೆ ಇರಲಿ. ನಾವು ಮುಂದಕ್ಕೆ ಮಾತು ಬೆಳೆಸಲಿಲ್ಲ. ಕತ್ತರಿಸದೆ ಬಟ್ಟಲನ್ನೇ ಎತ್ತರಿಸುವ ಉಪಾಯವಿದೆಯೇ ಎಂದು ಬಲ್ಲವರನ್ನು ಕೇಳುವುದೆಂದಷ್ಟೇ ಗೊತ್ತಾಯಿತು. ಒಂದು ಭಾನುವಾರ ಇಬ್ಬರೂ ಡಬ್ಬಿ ಹಿಡಿದುಕೊಂಡು ಕಸಬಾ ಪೇಟೆಯ ತಾಂಬಟ್ ಆಳಿಗೆ ಹೋದೆವು.

ತಾಂಬಟ್ ಆಳಿಯೆಂದರೆ ಪುಣೆಯ ಕಂಚುಗಾರರ ಓಣಿ. ಪೇಶ್ವೆಯರ ಕಾಲದಿಂದಲೂ ಇಲ್ಲಿ ತಾಮ್ರ ಹಿತ್ತಾಳೆಗಳನ್ನು ಬಡಿಯುತ್ತ ಬಂದಿದ್ದಾರೆ. ಬಂಬು, ಹಂಡೆ, ಕೊಡಗಳ ಮೈಮೇಲೆ ಸುತ್ತಿಗೆಯ ಸಾಲುಸಾಲು ಹೊಳಪು ಮೂಡಿಸುವುದು ಇವರ ವಿಶೇಷ. ನಾವು ಹೋದ ಅಂಗಡಿಯ ಯಜಮಾನ ಅರವತ್ತು ದಾಟಿದವನು. ಸ್ಟೌವನ್ನು ತಿರುಗಿಸಿ ತಿರುಗಿಸಿ ನೋಡಿ ಮರಾಠಿಯಲ್ಲಿ ಕೇಳಿದ: ಇದನ್ನು ಮೊದಲು ಎಷ್ಟು ಸಲ ರಿಪೇರಿ ಮಾಡಿಸಿದ್ದೀರಿ?

ಒಂದು ಸಲವೂ ಇಲ್ಲ, ಇದ್ದದ್ದು ಇದ್ದ ಹಾಗೆಯೇ ಇದೆ ಎಂದಳು ಮನೆಯಾಕೆ.

ಮುದುಕ ನಕ್ಕ. ಟಾಕಿಯ ತಳಕ್ಕೆ ಎರಡು ಸಲ ಬೆಸುಗೆ ಬಿದ್ದಿದೆ, ಎರಡೂ ಬೇರೆ ಬೇರೆ ಕೈ. ಮೇಲಿನ ಬಳೆ ಈ ಸ್ಟೌವಿನದಲ್ಲ. ಅಗಲವಾದ ಪಾತ್ರೆಗೆಂದು ಯಾರೋ ಕಮ್ಮಾರ ಮಾಡಿಕೊಟ್ಟದ್ದು. ಕಾಲುಗಳಂತೂ ಅಲ್ಲವೇ ಅಲ್ಲ. ಹೀಗೆಂದು ಅವನು ಒಂದು ಕಾಲಿನ ತುದಿಯನ್ನು ನಮ್ಮ ಕಣ್ಣಿನ ಹತ್ತಿರ ಹಿಡಿದ. ಅಲ್ಲಿ ತಂತಿಯನ್ನು ಬಾಗಿಸಿದ ಒಂದು ಕಣ್ಣು ಇತ್ತು. ಕಾಲಿಗೆ ಕಣ್ಣು ಏತಕ್ಕೆ? ಇದು ಭೂಮಿ ಅಳೆಯುವ ಸರಪಳಿಯ ಕೊಂಡಿ ಸಾಹೇಬ ಎಂದ.

ಹೇಳಿದ ಮೇಲೆ ನಮಗೂ ಕಂಡಿತು. ಸರ್ವೇಯವರ ಮೀಟರ್ ಸರಪಳಿಯಲ್ಲಿ ನಾಲ್ಕು ಮಿಲಿಮೀಟರ್ ದಪ್ಪದ ಉಕ್ಕಿನ ತಂತಿಯ ಕೊಂಡಿಗಳಿರುತ್ತವೆ. ಒಂದೊಂದು ಕೊಂಡಿಯೂ ಇಪ್ಪತ್ತು ಸೆಂಟಿಮೀಟರಿನ ಲೆಕ್ಕ, ಇಪ್ಪತ್ತು ಮೀಟರಿನ ಸರಪಳಿಗೆ ನೂರು ಕೊಂಡಿ. ತುದಿಗಳನ್ನು ಕಣ್ಣಾಗಿ ಬಾಗಿಸಿ ಉಂಗುರಗಳಿಂದ ಒಂದಕ್ಕೊಂದು ಸೇರಿಸಿರುತ್ತಾರೆ. ಮಾವನವರು ಅಂಥ ಮೂರು ಕೊಂಡಿಗಳನ್ನು ತಂದು, ಬಾಗಿಸಿ, ತಮ್ಮ ಸ್ಟೌವಿಗೆ ಕಾಲು ಮಾಡಿದ್ದರು.

ಸರಕಾರಿ ಕಚೇರಿಯಲ್ಲಿ ದಿನವೂ ದಾಸ್ತಾನಿನ ಪುಸ್ತಕ ಬರೆಯುವ ನಮಗೆ ಆ ಕ್ಷಣದಲ್ಲಿ ಹೊಳೆದ ಪ್ರಶ್ನೆ ಬೇರೆ. ಸರಪಳಿ ಇಲಾಖೆಯದು. ಕೊಂಡಿ ಮನೆಗೆ ಬಂದದ್ದು ಹೇಗೆ? ಬಾಯಿ ಬಿಟ್ಟು ಕೇಳಲಿಲ್ಲ. ಆದರೆ ನಮ್ಮ ಮುಖ ಕೇಳಿತೆಂದು ತೋರುತ್ತದೆ. ಮನೆಯಾಕೆ ಓಣಿಯಲ್ಲಿಯೇ ನಿಂತು ತಾಯಿಗೆ ಫೋನು ಮಾಡಿದಳು. ಸುತ್ತಿಗೆಗಳ ಸದ್ದಿನ ನಡುವೆ ಅತ್ತೆಯವರ ಧ್ವನಿ ನಮಗೂ ಕೇಳುತ್ತಿತ್ತು.

"ಸರಕಾರದ ಒಂದು ಮೊಳಿ ಸುದ್ದಾ ಮನಿಗಿ ತಂದವರಲ್ಲವಾ ಅವರು. ಹರಾಜಿನ್ಯಾಗ ಆರು ರೂಪಾಯಿ ಕೊಟ್ಟು ಕಡದ ಸರಪಳಿ ತಗೊಂಡಿದ್ರು. ಪಾವತಿ ಟ್ರಂಕಿನ್ಯಾಗ ಐತಿ. ಅಳಿಯಂದ್ರಿಗಿ ಕಳಸ್ತೀನಿ, ನೋಡಲಿ."

ಕಳಿಸಿಯೂ ಕಳಿಸಿದರು. ವಾರದೊಳಗೆ ಬಾಗಲಕೋಟೆಯಿಂದ ಬಂದ ಪರಿಚಿತರೊಬ್ಬರ ಕೈಯಲ್ಲಿ ಹಳದಿಯಾದ ಕಾಗದವೊಂದು ಬಂತು. ನಿರುಪಯೋಗಿ ಸಾಮಾನುಗಳ ಹರಾಜು. ತುಂಡಾದ ಸರಪಳಿ ಒಂದು. ರೂಪಾಯಿ ಆರು ಮಾತ್ರ. ಕೆಳಗೆ ಮೊಹರು, ರುಜು. ಆರು ರೂಪಾಯಿಯ ರಸೀದಿಯನ್ನು ಒಬ್ಬ ಮನುಷ್ಯ ತನ್ನ ಸೇವೆಯ ಕೊನೆಯವರೆಗೂ, ಆಮೇಲೂ, ಜೋಪಾನ ಮಾಡಿದ್ದ. ಲೆಕ್ಕ ಪರಿಶೋಧನೆಯವರು ಮನೆಗೆ ಬರುವುದಿಲ್ಲವೆಂಬುದು ಅವರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೂ ಇಟ್ಟಿದ್ದರು. ಬದುಕಿದ್ದಾಗ ಅವರ ಬಾಯಿಂದ ಪ್ರಾಮಾಣಿಕತೆ ಎಂಬ ಶಬ್ದವನ್ನು ನಾವು ಒಮ್ಮೆಯೂ ಕೇಳಿರಲಿಲ್ಲ.

ಮನೆಯಾಕೆ ಆ ಕಾಗದವನ್ನು ಎರಡು ದಿನ ನೋಡಿದಳು. ಮೂರನೆಯ ದಿನ ಪಲ್ಯ ಹೆಚ್ಚುತ್ತ ತಾನಾಗಿಯೇ ಹೇಳಿದಳು: "ನಾ ಅದು ಇದ್ದಂಗ ಐತಿ ಅಂತ ತಿಳದಿದ್ದೆ. ಅಪ್ಪ ಅದನ್ನ ಒಮ್ಮೆಯೂ ಇದ್ದಂಗ ಇಟ್ಟಿಲ್ಲ. ಆಯಿ ಕಲ್ಲು ಪೂಜಿಗೆ ಇಡಲಿಲ್ಲ, ನೆನಪೈತಿ ನನಗ. ಕತ್ತರಸ್ರಿ."

ನಮಗೆ ಇದರಿಂದ ತಿಳಿದದ್ದು ಇಷ್ಟು. ಹಿರಿಯರ ವಸ್ತುವೆಂದು ನಾವು ಕಾಪಾಡುವುದು ಅನೇಕ ಸಲ ಅವರ ಕೊನೆಯ ದಿನದ ವಸ್ತುವನ್ನು. ಅವರು ಅದನ್ನು ಬಳಸುತ್ತಿದ್ದ ಕಾಲದಲ್ಲಿ ಅದು ದಿನವೂ ಒಂದಿಷ್ಟು ಬದಲಾಗುತ್ತಲೇ ಇತ್ತು. ಊರಿಂದ ಊರಿಗೆ ಡೇರೆ ಹೊತ್ತವರು, ಒಲೆಗಲ್ಲು ಹೊತ್ತವರು ಸಾಮಾನನ್ನು ನೆಲಕ್ಕೆ ತಕ್ಕಂತೆ ಕೆತ್ತಿಕೊಂಡರು. ಉರಿಯನ್ನು ಮಾತ್ರ ಆರಗೊಡಲಿಲ್ಲ. ಭಾಷೆಯ ವಿಷಯದಲ್ಲಿಯೂ ನಮ್ಮಂಥ ಹೊರನಾಡ ಕನ್ನಡಿಗರಿಗೆ ಇದು ಸಲ್ಲುವ ಮಾತೇ. ತುಮಕೂರಿನದೊಂದು, ಬಾಗಲಕೋಟೆಯದೊಂದು ಸೇರಿ, ನಡುವೆ ಮರಾಠಿಯ ಒಗ್ಗರಣೆ ಬಿದ್ದ ಕನ್ನಡವನ್ನು ನಮ್ಮ ಮಗಳು ಆಡುತ್ತಾಳೆ. ಅದನ್ನು ಜಗಲಿಯ ಮೇಲಿಡುವುದಕ್ಕಿಂತ ದಿನವೂ ಆಡುವುದು ಮೇಲು.

ಇನ್ನು ಕೆಲಸದ ವಿವರ. ಮುದುಕ ಕಾಲುಗಳನ್ನು ನಾಲ್ಕು ಸೆಂಟಿಮೀಟರಿನಷ್ಟು ಕತ್ತರಿಸಿದ. ಸರಪಳಿಯ ಕಣ್ಣಿರುವ ತುದಿಯನ್ನು ಉಳಿಸಿಕೊಂಡು ಇನ್ನೊಂದು ತುದಿಯಿಂದ. ಟಾಕಿಯ ಬದಲು ಕಾಲುಗಳನ್ನು ಹಿಡಿಯಲು ಮೂರು ಕಿವಿಗಳುಳ್ಳ ಒಂದು ತಾಮ್ರದ ತಟ್ಟೆಯನ್ನು ಬಡಿದುಕೊಟ್ಟ. ನಡುವೆ ಬಟ್ಟಲು ಅಲುಗಾಡದಂತೆ ಒಂದು ಗುಳಿ. ಇದಕ್ಕೆಲ್ಲ ಎಂಟುನೂರು ರೂಪಾಯಿ. ಪಾವತಿ ಕೇಳಿ ಪಡೆದು, ಮಾವನವರ ಪಾವತಿಯ ಜೊತೆಯಲ್ಲಿಟ್ಟೆವು.

ಇಂಥದನ್ನು ಮಾಡಿಕೊಳ್ಳುವ ಮನಸ್ಸುಳ್ಳವರಿಗೆ ಕೆಲವು ಮಾತುಗಳು. ಸ್ಪಿರಿಟ್ಟಿನಲ್ಲಿ ಸೀಮೆಎಣ್ಣೆಯಷ್ಟು ಕಸುವಿಲ್ಲ. ತೂಕಕ್ಕೆ ತೂಕ ಹಿಡಿದರೆ ಅದರ ಶಾಖ ಹತ್ತಕ್ಕೆ ಆರರಷ್ಟು. ಆದುದರಿಂದ ಇದ್ದ ಶಾಖ ಪ್ರೋಲಾಗದಂತೆ ನೋಡಬೇಕು. ಪಾತ್ರೆಗೆ ಮುಚ್ಚಳ ಇರಲೇಬೇಕು. ಪಾತ್ರೆಗೂ ಬಟ್ಟಲಿಗೂ ನಡುವೆ ಎರಡು ಬೆರಳಿನ ಅಂತರ ಬಿಡಬೇಕು; ತೀರ ಹತ್ತಿರವಾದರೆ ಉರಿಗೆ ಗಾಳಿ ಸಾಲದು, ದೂರವಾದರೆ ಶಾಖ ಆಕಾಶದ ಪಾಲು. ಎಲ್ಲಕ್ಕಿಂತ ಮುಖ್ಯವಾದದ್ದು ಗಾಳಿಯ ಮರೆ. ಎಣ್ಣೆಯ ಹಳೆಯ ಡಬ್ಬಿಯ ತಗಡನ್ನು ಕತ್ತರಿಸಿ, ಬುಡದಲ್ಲಿ ತೂತುಗಳನ್ನು ಹೊಡೆದು, ಸ್ಟೌವನ್ನು ಸುತ್ತುವರಿಯುವಂತೆ ಬಾಗಿಸಿದರೆ ಸಾಕು. ನಮ್ಮ ಬಾಲ್ಕನಿಯಲ್ಲಿ ಮರೆಯಿಟ್ಟಾಗ ಅರ್ಧ ಲೀಟರ್ ನೀರು ಎಂಟು ಒಂಬತ್ತು ನಿಮಿಷದಲ್ಲಿ ಕುದಿಯಿತು. ನಾಲ್ಕು ಚಮಚೆಯಷ್ಟು ಸ್ಪಿರಿಟ್ಟು ಹಿಡಿಯಿತು. ಮರೆ ತೆಗೆದಾಗ ಬಟ್ಟಲು ಬರಿದಾಯಿತು, ನೀರು ಬೆಚ್ಚಗಾಯಿತಷ್ಟೆ.

ಎಚ್ಚರಿಕೆಗಳೂ ಉಂಟು. ಸ್ಪಿರಿಟ್ಟಿನ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಆರಿತೆಂದು ತಿಳಿದು ಮೇಲಿಂದ ಹೊಯ್ದರೆ ಉರಿ ಶೀಸೆಗೇ ಏರುತ್ತದೆ. ಬಟ್ಟಲನ್ನು ಮುಚ್ಚಳದಿಂದ ಮುಚ್ಚಿ, ಪೂರ್ತಿ ತಣಿದ ಮೇಲೆಯೇ ಮತ್ತೆ ತುಂಬಬೇಕು. ಒಲೆಗೆ ಬಳಸುವ ಸ್ಪಿರಿಟ್ಟು ವಿಷ. ನೀರಿನ ಶೀಸೆಯಲ್ಲಿ ಇಡಲೇಬಾರದು, ಮಕ್ಕಳ ಕೈಗೆ ಸಿಗಬಾರದು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಹಚ್ಚಬಾರದು. ಇನ್ನು, ಡಬ್ಬಿಯ ಗ್ಯಾಸಿನ ಕ್ಯಾಂಪು ಸ್ಟೌವುಳ್ಳವರು ಈ ತಗಡಿನ ಮರೆಯನ್ನು ಅದರ ಸುತ್ತ ಇಡಬಾರದು. ಗ್ಯಾಸಿನ ಡಬ್ಬಿ ಕಾಯ್ದು ಸಿಡಿಯುವ ಭಯವಿದೆ.

ಕಾರ್ತಿಕದ ಭಾನುವಾರ ಬಂತು. ಸಿಂಹಗಡದ ಕಡೆಗೆ ಪರಿಚಿತರೊಬ್ಬರ ತೋಟ. ಅದರ ಮೂಲೆಯಲ್ಲಿ ಕಾಯಿ ಬಿಟ್ಟ ನೆಲ್ಲಿಯ ಮರ. ಚಿತ್ರಾನ್ನ, ಎಣ್ಣೆಗಾಯಿ, ಜೋಳದ ರೊಟ್ಟಿ, ಒಬ್ಬಟ್ಟು ಎಲ್ಲ ಮನೆಗಳಿಂದ ಬಂದಿದ್ದವು. ಚಹಾ ಮಾತ್ರ ಅಲ್ಲಿಯೇ ಆಗಬೇಕು. ಮನೆಯಾಕೆ ತಾನೇ ಕುಳಿತು ತಟ್ಟೆಯ ಕಿವಿಗಳಿಗೆ ಕಾಲು ಸಿಕ್ಕಿಸಿ, ಬಳೆಯಿಟ್ಟು, ಬಟ್ಟಲು ಹಚ್ಚಿದಳು. ಎಂಟು ವರ್ಷದ ನಮ್ಮ ಮಗಳು ಎರಡು ಸಲ ಪಾತ್ರೆ ಇಡಹೋದಳು. "ಗಡಬಡಿ ಬ್ಯಾಡ. ಬಟ್ಟಲು ಕಾಯಲಿ" ಎಂದಳು ತಾಯಿ. ಒಂದು ಸಲಕ್ಕೆ ಆರು ಲೋಟವೇ ಆಗುವುದು. ಆದುದರಿಂದ ಹಿರಿಯರಿಗೆ ಮೊದಲು. ಧಾರವಾಡದ ಕಡೆಯ ಹಿರಿಯರೊಬ್ಬರು, ಬಾಲ್ಯದಲ್ಲಿ ಇಂಥ ಸ್ಟೌವನ್ನು ಕಂಡವರು, ಹತ್ತಿರ ಬಂದು ಬಗ್ಗಿ ನೋಡಿದರು. ಬಳೆಯನ್ನು ಗುರುತಿಸಿದರು. ಆಮೇಲೆ ಕಿವಿಗೆ ಕೈಯಿಟ್ಟುಕೊಂಡು ಕೇಳಿದರು.

"ಎಲ್ಲಾ ಖರೇ. ಸಪ್ಪಳ ಎಲ್ಲೈತವಾ?"

ಸಪ್ಪಳ ಇರಲಿಲ್ಲ. ಸ್ಪಿರಿಟ್ಟು ಸದ್ದಿಲ್ಲದೆ ಉರಿಯುತ್ತದೆ. ಡೇರೆಯ ಬಾಗಿಲಲ್ಲಿ, ಹಿತ್ತಲಲ್ಲಿ, ಅಪ್ಪ ಎದ್ದಿದ್ದಾನೆಂದು ಮಕ್ಕಳಿಗೆ ತಿಳಿಸುತ್ತಿದ್ದ ಆ ಭೋರೆಂಬ ಸಪ್ಪಳ ಈ ಬದಲಾವಣೆಯಲ್ಲಿ ಹೋಯಿತು. ಅದನ್ನು ಯಾವ ಕಂಚುಗಾರನೂ ಬಡಿದುಕೊಡಲಾರ. ಮನೆಯಾಕೆ ಸ್ವಲ್ಪ ಹೊತ್ತು ಉತ್ತರ ಹೇಳಲಿಲ್ಲ. ಕೊನೆಗೆ, "ಸಪ್ಪಳ ಅಪ್ಪನ ಕೂಡ ಹೋತ್ರಿ. ಚಹಾ ಐತಿ, ತಗೋರಿ" ಎಂದು ಲೋಟ ಮುಂದೆ ಮಾಡಿದಳು. ಹಿರಿಯರು ಕುಡಿದರು. ಇನ್ನೊಂದು ಲೋಟ ಕೇಳಿದರು.

ಹಳೆಯ ಟಾಕಿ, ಬರ್ನರು, ಪಿನ್ನುಗಳು ತಗಡಿನ ಡಬ್ಬಿಯಲ್ಲಿ ಹಾಗೆಯೇ ಇವೆ. ಕತ್ತರಿಸಿದ ಮೂರು ತುಂಡುಗಳೂ ಇವೆ. ಬರುವ ಬೇಸಿಗೆಯ ರಜೆಯಲ್ಲಿ ಹೊಸ ರೂಪದ ಸ್ಟೌವನ್ನು ಬಾಗಲಕೋಟೆಗೆ ಒಯ್ಯಬೇಕೆಂದಿದ್ದೇವೆ. ಬಟ್ಟಲು ಬರಿದಾಗಿಯೇ ರೈಲು ಹತ್ತುತ್ತದೆ, ಸ್ಪಿರಿಟ್ಟು ಅಲ್ಲಿಯೇ ಕೊಳ್ಳುವುದು. ಹಿತ್ತಲಲ್ಲಿ ಅತ್ತೆಯವರಿಗೆ ಬೆಳಗಿನ ಚಹಾ ಮಾಡಿಕೊಡುವ ಸರದಿ ಈಗ ನಮ್ಮದು. ಅವರು ಆಗಲೇ ಹೇಳಿ ಕಳಿಸಿದ್ದಾರೆ: ಚಹಾಪುಡಿ, ಸಕ್ಕರೆ ಏನೂ ತರುವುದು ಬೇಡ, ಆರು ರೂಪಾಯಿಯ ಪಾವತಿಯನ್ನು ಮಾತ್ರ ಮರೆಯದೆ ತರಬೇಕು, ಅದು ಅವರ ಟ್ರಂಕಿನದು.